ನನ್ನ ಸೆಮಿನಾರಿನಲ್ಲಿ ತ್ರಿವೇದಿ ಸರ್ ಭಾಷಣ

ಸೆಮಿನಾರ್ ಎಂದರೆ ನನಗೆ ಎಡಗೈಯಲ್ಲಿ ಮುಗಿಸುವ ಆಟ ಎಂದುಕೊಂಡಿದ್ದೆ. ವಡೋದರಾದ ನಮ್ಮ ಎಂ.ಎ. ತರಗತಿಯಲ್ಲಿ ಈ ಮಹಾಯಜ್ಞದ ವಿಧಿ ಬಲು ಸರಳ: ಒಬ್ಬ ವಿಷಯ ಮಂಡಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು, ತ್ರಿವೇದಿ ಸರ್ ಕೊನೆಯ ಬೆಂಚಿನಲ್ಲಿ ಕೂತು ಎಲ್ಲರಿಗೂ ಅಂಕ ಹಾಕಬೇಕು. ಕೇಳಿದವರಿಗೂ ಅಂಕ ಇದ್ದುದರಿಂದ ಜ್ಞಾನದಾಹವೆಲ್ಲ ಕ್ಯಾಂಟೀನಿನಲ್ಲೇ ಮುಂಚಿತವಾಗಿ ಹಂಚಿಕೆಯಾಗುತ್ತಿತ್ತು. ನನ್ನನ್ನು ಕೇಳಬೇಕಾದ ಪ್ರಶ್ನೆಯನ್ನು ನಾನೇ ಬರೆದು, ಒಂದು ಪ್ಲೇಟ್ ಖಮಣ್ ತಿಂಡಿಯ ಸಮೇತ ಗೆಳೆಯ ಕೇತನ್‌ಗೆ ಒಪ್ಪಿಸಿದ್ದೆ. ಇದಕ್ಕೆ ವಿಚಾರಮಂಥನ ಎಂದು ಹೆಸರು!

ಇದರಲ್ಲಿ ಪಾಸಾಗದಿದ್ದರೆ ಪರೀಕ್ಷೆಗೇ ಕೂರಿಸುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ತಾಲೀಮು ಶುರುಮಾಡಿದೆ. ವಿಷಯ, ಹಾಲಿನ ಸಹಕಾರ ಸಂಘಗಳು. ನನ್ನ ದನಿಯಲ್ಲಿ ಓದಿದರೆ ನನಗೇ ಆಕಳಿಕೆ. ನಮ್ಮ ತ್ರಿವೇದಿ ಸರ್ ದನಿಯಲ್ಲಿ ಓದಿದೆ: ಮೂಗಿನಿಂದ ಹೊರಡುವ ಇಂಗ್ಲಿಷ್, 'ತಿಳೀತಾ?' ಎನ್ನಲು ವಾಕ್ಯಕ್ಕೊಂದು ಗುಜರಾತಿ 'ಸಮಜ್ಯಾ?', ಕನ್ನಡಕ ಹಣೆಗೇರಿಸಿ ಅದನ್ನೇ ಮೇಜಿನ ಮೇಲೆ ಹುಡುಕುವುದು. ಆಹಾ, ಎಲ್ಲ ನೀರು ಕುಡಿದಂತೆ ಬಾಯಿಪಾಠ!

ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆಯಿಂದ ನಮ್ಮ ಹುಬ್ಬಳ್ಳಿಯ ಅವ್ವ ಎರಡು ಕಪ್ ಚಹಾ ಹಿಡಿದು ಬಂದಳು.

"ನಿಮ್ಮ ಸರ್ ಎಲ್ಲಿ ಹೋದ್ರೋ?"

"ನಾನ ಸರ್, ಅವ್ವಾ!"

"ಬ್ಯಾಡೋ. ನಾಳೆ ಅಲ್ಲೂ ಅದ ಬಾಯಾಗ ಬಂದೀತು."

"ನಾ ಏನ್ ಸಣ್ಣ ಕೂಸೇನು?" ಎಂದು ಎರಡೂ ಕಪ್ ನಾನೇ ಕುಡಿದೆ.

ಮಾರನೆಯ ದಿನ ತರಗತಿಯಲ್ಲಿ ಗಂಭೀರವಾಗಿ ಎದ್ದು ನಿಂತು ಬಾಯಿ ತೆರೆದೆ. ಹೊರಬಂದವರು ತ್ರಿವೇದಿ ಸರ್! ನಿಲ್ಲಿಸಲು ನೋಡಿದೆ, ಆ ದನಿ ನಿಂತರೆ ವಿಷಯವೂ ನಿಲ್ಲುತ್ತಿತ್ತು. ಮುಂದುವರಿದೆ. ಕೈ ತಾನಾಗಿ ಮೇಲೇರಿ ಇಲ್ಲದ ಕನ್ನಡಕವನ್ನು ಹಣೆಗೆ ತಳ್ಳಿತು. ಹುಡುಗಿಯರು ದುಪಟ್ಟಾ ಬಾಯಿಗೆ ತುರುಕಿಕೊಂಡರು. ಕೇತನ್ ಮಾತ್ರ ಖಮಣ್ ಋಣ ಮರೆಯಲಿಲ್ಲ. ಎದ್ದು, ನಾನು ಬರೆದುಕೊಟ್ಟ ಪ್ರಶ್ನೆಯನ್ನು ಕೇಳಿಯೇಬಿಟ್ಟ.

"ಒಳ್ಳೆಯ ಪ್ರಶ್ನೆ, ಬೇಟಾ!" ಎಂದು ಮೂಗಿನಿಂದ ಹರಸಿದೆ.

ಕೊನೆಯ ಬೆಂಚಿನಿಂದ ಸರ್ ಎದ್ದರು. ಕನ್ನಡಕ ಹಣೆಗೇರಿಸಿದರು.

"ಬಹಳ ಚೆನ್ನಾಗಿ ಮಾತಾಡಿದೆ, ನಾನು. ಈಗ ನೀನು ಮಾತಾಡು."

"ಹಾಲು..." ಎಂದೆ, ನನ್ನ ಸ್ವಂತ ದನಿಯಲ್ಲಿ. ಹಾಲು ಅಲ್ಲಿಗೇ ಒಡೆಯಿತು!

"ಭಾಷಣ ಮಾಡಿದವನು ಪಾಸ್. ಅಂದರೆ ನಾನು. ನಿನ್ನದು ಮುಂದಿನ ವಾರ. ಸಮಜ್ಯಾ?" ಎಂದು ಸರ್ ಕನ್ನಡಕ ಹುಡುಕತೊಡಗಿದರು. ಅದು ಹಣೆಯ ಮೇಲಿದೆ ಎಂದು ಹೇಳುವ ಧೈರ್ಯ ನನ್ನ ಯಾವ ದನಿಗೂ ಇರಲಿಲ್ಲ.

ಸಂಜೆ ಅವ್ವ ಕೇಳಿದಳು, "ಹೆಂಗಾತೋ?"

"ಸರ್ ಪಾಸಾದ್ರವ್ವಾ."

ಅವ್ವ ಒಂದೇ ಕಪ್ ಚಹಾ ತಂದಳು. ಅದೂ ಅಪ್ಪನಿಗೆ!