ಸ್ನಾನ ಮಾಡಿ ಬಂದ ಜಾಹೀರಾತು

ಸುಳ್ಳು ಹೇಳಲು ನಾಲಿಗೆ ಬೇಕೆಂದು ಜನ ತಿಳಿದಿದ್ದಾರೆ. ನಾನು ಒಂದು ತಟ್ಟೆ ನೀರು ಇಡದೆ ಸುಳ್ಳು ಹೇಳಿದವನು. ವಯಸ್ಸಾಯಿತು, ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡರೆ ಉಂಡ ಅನ್ನ ಕರಗುವುದಿಲ್ಲ. ನಿಮ್ಮ ಮುಂದೆ ಒಪ್ಪಿಸಿಬಿಡುತ್ತೇನೆ.

ಅದು ಗಣಿಯ ಅಬ್ಬರದ ಕಾಲ. ಬಳ್ಳಾರಿಯ ನಮ್ಮ ಮನೆ ಅದಿರು ಲಾರಿಗಳ ದಾರಿಗೇ ಇತ್ತು. ಒಗೆದು ಹಾಕಿದ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿತ್ತು. ಸಂಸಾರ ಬಿಡಿಸದೆ ಸನ್ಯಾಸ ಕೊಟ್ಟ ಊರು ಇನ್ನೊಂದಿರಲಿಕ್ಕಿಲ್ಲ. ಊರಿನವರು ಗಣಿ ಧಣಿಗಳ ಹೆಲಿಕಾಪ್ಟರ್ ನೋಡಲು ಕತ್ತೆತ್ತಿದರೆ, ನಾವು ಕೆಲವರು ಪಾರಿವಾಳ ನೋಡಲು ಎತ್ತುತ್ತಿದ್ದೆವು. ನನ್ನದು ಎಸ್ಸೆಸ್ಸೆಲ್ಸಿ ಓದು, ಸೈಕಲ್ ಶಾಪು, ಮಾಳಿಗೆ ಮೇಲೆ ಗೂಡು. ಸಿರುಗುಪ್ಪದ ಟೇಲರ್ ಮೆಹಬೂಬ್ ಸಾಬರು ಕೊರಳಲ್ಲಿ ಟೇಪು ಹಾಕಿಕೊಂಡೇ ಕಂಪ್ಯೂಟರ್ ಕಲಿತು, ನಮ್ಮಂಥ ಹುಚ್ಚರಿಗಾಗಿ ಒಂದು ವೆಬ್‌ಸೈಟ್ ಮಾಡಿದ್ದರು. ಅದರಲ್ಲಿ ಹಕ್ಕಿಗಳ ಫೋಟೋ, ಕಾಯಿಲೆಗೆ ಮದ್ದು, ಉಳಿದಂತೆ ಬರೀ ಜಗಳ.

ವರ್ಷಕ್ಕೊಮ್ಮೆ ಅದರ ಬಾಡಿಗೆ ಕಟ್ಟಬೇಕಿತ್ತು. ಲಾರಿ ಮಾಲೀಕರೊಬ್ಬರು ಕೊಡುತ್ತೇನೆಂದರು. ಸಾಬರು ಒಪ್ಪಲಿಲ್ಲ. "ಇವತ್ತು ಲಾರಿ ಚಿತ್ರ ಹಾಕ್ರಿ ಅಂತಾರ, ನಾಳೆ ಪಾರಿವಾಳ ತೆಗೀರಿ ಅಂತಾರ. ನಮ್ಮ ಮೆಂಬರೇ ರೊಕ್ಕ ಕಟ್ಟಿ ಜಾಹೀರಾತು ಕೊಡ್ಲಿ. ಹಕ್ಕಿದಷ್ಟೇ, ಖರೇದಷ್ಟೇ. ತಿಪ್ಪಣ್ಣ, ತರೋ ಕೆಲಸ ನಿಮ್ದು," ಎಂದು ನನ್ನ ಹೆಗಲಿಗೆ ಹಾಕಿದರು. ಖರೇದಷ್ಟೇ ಎಂದ ಮೇಲೆ ಯಾರು ಕೊಡುತ್ತಾರೆ? ಎಲ್ಲರ ಹಕ್ಕಿಯ ಹಣೆಬರಹ ಎಲ್ಲರಿಗೂ ಗೊತ್ತು. ಒಂದೂ ಜಾಹೀರಾತು ಬರಲಿಲ್ಲ. ಯುಗಾದಿಗೆ ಸೈಟು ಮುಚ್ಚುವುದೇ ಎಂದು ಸಾಬರು ಫೋನಿನಲ್ಲಿ ಹೇಳಿದಾಗ, ಅವರ ದನಿ ಅಳತೆ ತಪ್ಪಿ ಕತ್ತರಿಸಿದ ಬಟ್ಟೆಯಂತಿತ್ತು.

ಆಗ ನನ್ನ ಕಣ್ಣು ನನ್ನದೇ ಬಿಳಿ ಜೋಡಿಯ ಮೇಲೆ ಬಿತ್ತು. ಧೂಳು ಕುಡಿದು ಇಟ್ಟಿಗೆ ಬಣ್ಣಕ್ಕೆ ತಿರುಗತೊಡಗಿದ್ದವು. ಪಾರಿವಾಳಕ್ಕೆ ಸ್ನಾನವೆಂದರೆ ಪ್ರಾಣ. ತಟ್ಟೆಯಲ್ಲಿ ನೀರಿಟ್ಟರೆ ತಾವೇ ಇಳಿಯುತ್ತವೆ. ಆ ತಟ್ಟೆಯನ್ನು ಒಂದು ತಿಂಗಳು ಅಟ್ಟಕ್ಕೆ ಹಾಕಿದೆ. ಆಮೇಲೆ ಫೋಟೋ ತೆಗೆಸಿ ಜಾಹೀರಾತು ಕೊಟ್ಟೆ: "ಅಪರೂಪದ ಕೆಂಪು ಜೋಡಿ."

ಸೈಟು ಗಿಜಿಗುಟ್ಟಿತು. ತಿಪ್ಪಣ್ಣನ ಹಕ್ಕಿ ಅಪರೂಪವಾದರೆ ನಮ್ಮದೇನು ಕಾಗೆಯೇ ಎಂದು ಉಳಿದವರೂ ಹಟಕ್ಕೆ ಬಿದ್ದು ಜಾಹೀರಾತು ಕೊಟ್ಟರು. ಬಾಡಿಗೆ ಹುಟ್ಟಿತು. ನನ್ನ ಜೋಡಿಯನ್ನು ಕುರುಗೋಡಿನ ಬಸಪ್ಪ ಕೊಂಡ. ಮುಟ್ಟಿದರೆ ಬೆರಳು ಕೆಂಪಾಗುತ್ತದಲ್ಲ? ಬುಟ್ಟಿಗೆ ಬಟ್ಟೆ ಬಿಗಿದು, "ದೃಷ್ಟಿ ಆಕ್ಕತಿ, ಮನಿ ಮುಟ್ಟೋಮಟ ಬಿಚ್ಚಬ್ಯಾಡ," ಎಂದು ಬಸ್ಸು ಹತ್ತಿಸಿದೆ.

ಎರಡು ದಿನ ಬಿಟ್ಟು ಸಾಬರು ಬಂದರು. ಸೈಟು ಉಳಿಸಿದವನೆಂದು ನನಗೆ ತಾವೇ ಹೊಲಿದ ಜುಬ್ಬಾ ತಂದಿದ್ದರು. ಮಾಳಿಗೆ ಮೇಲೆ ಚಹಾ ಕುಡಿಯುತ್ತ ಕೂತಿದ್ದೆವು. ಕುರುಗೋಡಿನ ಕಡೆಯಿಂದ ಎರಡು ಹಕ್ಕಿ ಬಂದು ನೇರ ನನ್ನ ಗೂಡಿನ ಮೇಲೆ ಇಳಿದವು. ಹಾಲಿನಂಥ ಬಿಳುಪು. ಒಂದರ ಕಾಲಿಗೆ ಚೀಟಿ ಕಟ್ಟಿತ್ತು. ಸಾಬರೇ ಬಿಚ್ಚಿ ಗಟ್ಟಿಯಾಗಿ ಓದಿದರು: "ಲೇ ತಿಪ್ಪಣ್ಣ, ನೀರು ಇಟ್ಟಿದ್ದೆ. ಹಕ್ಕಿ ನಿನಗ ಕಳಿಸೀನಿ, ಬಣ್ಣ ನನ್ನ ತಟ್ಟ್ಯಾಗ ಐತಿ, ಬಂದು ಒಯ್ಯಿ. ಬಸಪ್ಪ."

ಸಾಬರು ಬೈಯಲಿಲ್ಲ. ಜುಬ್ಬಾ ಮಡಚಿ ಚೀಲಕ್ಕೆ ಹಾಕಿಕೊಂಡರು. "ಸೈಟು ಮುಚ್ಚಿದ್ರ ನಾನು ಟೇಲರ್ ಆಗಿಯಾದ್ರೂ ಇರ್ತಿದ್ದೆ ತಿಪ್ಪಣ್ಣ, ಈಗ ಸುಳ್ಳುಗಾರ ಆದೆ," ಎಂದು ಮೆಟ್ಟಿಲಿಳಿದರು. ಬೈದಿದ್ದರೆ ಎಷ್ಟೋ ಸುಖವಿತ್ತು.

ಮರುದಿನ ಕುರುಗೋಡಿಗೆ ಹೋಗಿ ಬಸಪ್ಪನ ಹಣ ಅವನ ಕೈಗಿಟ್ಟೆ. ಅವನು ನಿಜವಾಗಿಯೂ ತಟ್ಟೆ ತೋರಿಸಿದ. ನಂತರ ಆ ಚೀಟಿಯನ್ನೇ ನನ್ನ ಖರ್ಚಿನಲ್ಲಿ ಜಾಹೀರಾತಾಗಿ ಹಾಕಿಸಿದೆ. ಮೆಂಬರುಗಳು ಮನಸಾರೆ ನಕ್ಕರು. ನಕ್ಕವರೆಲ್ಲ "ತೊಳೆದು ನೋಡಿ ಕೊಳ್ಳಿರಿ" ಎಂಬ ಸಾಲು ಸೇರಿಸಿ ಖರೇ ಜಾಹೀರಾತು ಕೊಡತೊಡಗಿದರು. ಸೈಟು ಬದುಕಿತು. ಸಾಬರು ಮಾತ್ರ ಫೋನು ಮಾಡಲಿಲ್ಲ.

ಕೊನೆಗೆ ಧೈರ್ಯ ಮಾಡಿ, ಜೋಡಿಯನ್ನು ಚೆನ್ನಾಗಿ ತೊಳೆದು, ಕೈಯಲ್ಲಿ ಹಿಡಿದು ನಿಂತು ಫೋಟೋ ತೆಗೆಸಿ ಕಳಿಸಿದೆ. ಅಂದು ಸಂಜೆಯೇ ಸಾಬರ ಫೋನು ಬಂತು.

"ತಿಪ್ಪಣ್ಣ, ಹಕ್ಕಿ ಖರೇ ಅದಾವ. ಆದ್ರ ಹಕ್ಕಿ ಹಿಡಕೊಂಡಾವ ಅರವತ್ತು ದಾಟಿದ್ರೂ ಕರೀ ಕೂದಲು ಹೊತ್ತು ನಿಂತಾನಲ್ಲ, ಅವನ್ನ ತೊಳದು ಕಳಸ್ರಿ. ಜುಬ್ಬಾ ಇನ್ನೂ ಇಲ್ಲೇ ಐತಿ."