ಗುಂಡ್ಲುಪೇಟೆಗೆ ಕಳಿಸಿದ ಕಾವಲುಗಾರ

ಕೂತಲ್ಲಿಂದ ಏಳದೆ ಕೆಲಸ ಮಾಡುವುದರಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ. ಚಾಮರಾಜನಗರದ ನನ್ನ ಕುರ್ಚಿಯಿಂದಲೇ ಗುಂಡ್ಲುಪೇಟೆ ಶಾಖೆಯ ಕಂಪ್ಯೂಟರುಗಳಿಗೂ ವೈರಸ್ ತಡೆಯುವ ಸಾಫ್ಟ್‌ವೇರ್ ಹಾಕಬಹುದೆಂದು ಗೊತ್ತಾದಾಗ, ಈ ವಿದ್ಯೆ ನನಗಾಗಿಯೇ ಹುಟ್ಟಿದೆ ಅನ್ನಿಸಿತು. ನಮ್ಮದು ಅರಿಶಿನ ಮಾರುವ ಒಂದು ಸಹಕಾರ ಸಂಘ. ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ಕಂಪ್ಯೂಟರ್ ಉಸ್ತುವಾರಿ ನನ್ನದು.

ಗುಂಡ್ಲುಪೇಟೆ ಶಾಖೆಯ ಟೈಪಿಸ್ಟ್ ನನ್ನ ಹೆಂಡತಿ ಸುಮಾ. ದಿನಾ ಬಸ್ಸಿನಲ್ಲಿ ನಿಂತು ಹೋಗಿ ನಿಂತೇ ಬರುತ್ತಿದ್ದಳು. ಅವಳನ್ನು ಚಾಮರಾಜನಗರಕ್ಕೆ ವರ್ಗ ಮಾಡಿಸುವುದು ನಮ್ಮ ಸಂಸಾರದ ಏಕೈಕ ಕಾರ್ಯಸೂಚಿ. ಅಧ್ಯಕ್ಷರು ಕೊನೆಗೂ ಕರಗಿದ್ದರು.

"ವರ್ಷದ ಮಾಸಭೆ ವರದಿ ಇವತ್ತು ಸಂಜೆಗೆ ಪ್ರೆಸ್ಸಿಗೆ ಓಗ್ಲಿ. ಆಮೇಲೆ ವರ್ಗಕ್ಕೆ ಸೈನ್ ಆಕ್ತೀನಿ."

ವರದಿಯನ್ನು ಸುಮಾ ಆಗಲೇ ಟೈಪು ಮಾಡಿ ಮುಗಿಸಿದ್ದಳು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು!

ಆದರೆ ಅಧ್ಯಕ್ಷರ ಕಣ್ಣಿಗೆ ನನ್ನ ಪ್ರತಿಭೆಯೂ ಬೀಳಬೇಡವೇ? ಅವರೆದುರಿಗೇ ಒಂದು ಗುಂಡಿ ಒತ್ತಿ, ಎರಡೂ ಊರಿನ ಕಂಪ್ಯೂಟರುಗಳಿಗೆ ಆ ಸಾಫ್ಟ್‌ವೇರೆಂಬ ಕಾವಲುಗಾರನನ್ನು ಕಳಿಸಿದೆ. ನನ್ನ ಕಂಪ್ಯೂಟರಿನಿಂದಲ್ಲದೆ ಬೇರೆಲ್ಲಿಂದಲೂ ಅವನನ್ನು ನಿಲ್ಲಿಸಲಾಗದಂತೆ ಬಂದೋಬಸ್ತು ಮಾಡಿದೆ. ಅಧ್ಯಕ್ಷರು ಬೆನ್ನು ತಟ್ಟಿದರು.

ಸ್ವಲ್ಪ ಹೊತ್ತಿಗೆ ಗುಂಡ್ಲುಪೇಟೆಯ ಗುಮಾಸ್ತ ಮಾದೇವನ ಫೋನು ಬಂತು.

"ಸಾ, ಏನ್ ಮಾಡ್ಬುಟ್ರಿ? ಇಲ್ಲಿ ಕನ್ನಡನೇ ಒಂಟೋಗದೆ!"

ಕನ್ನಡ ಟೈಪು ಮಾಡುವ ಸಾಫ್ಟ್‌ವೇರನ್ನು ನಮ್ಮ ಕಾವಲುಗಾರ ಗೂಢಚಾರನೆಂದು ಹಿಡಿದಿದ್ದ. ಒತ್ತಿದ ಕೀಲಿಗಳನ್ನೆಲ್ಲ ಕದ್ದು ನೋಡುತ್ತದೆ ಎಂಬುದು ಆರೋಪ. ವಿಚಾರಣೆಯೇ ಇಲ್ಲದೆ ಅದನ್ನೂ ಅದರ ಅಕ್ಷರಗಳನ್ನೂ ಅಳಿಸಿದ್ದ. ಮಾದೇವನ ಬಳಿಯಿದ್ದ ವರದಿಯ ಪ್ರತಿಯ ತುಂಬ ಈಗ ಕೊಂಬು, ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳು.

"ಸುಮಾ ಎಲ್ಲಿ?"

"ಅಕ್ಕೋರು ಪ್ರೆಸ್ಸಿಗೆ ಓಗವ್ರೆ, ವರದಿಗೆ ಪೇಪರ್ ಆರ್ಸಕ್ಕೆ."

ಕನ್ನಡ ಸಾಫ್ಟ್‌ವೇರಿನ ಸೀಡಿ ಹಿಡಿದು ಅಧ್ಯಕ್ಷರ ಜೀಪು ಹತ್ತಿದೆ. ಅಧ್ಯಕ್ಷರೂ ಹತ್ತಿದರು. ನನ್ನ ಕಂಪ್ಯೂಟರಿನಲ್ಲೇ ಕಾವಲುಗಾರನನ್ನು ನಿಲ್ಲಿಸಿ ಬರಬಹುದಿತ್ತು ಎಂಬುದು ದಾರಿಯಲ್ಲಿ ತೆರಕಣಾಂಬಿ ದಾಟಿದ ಮೇಲೆ ಹೊಳೆಯಿತು. ಅಧ್ಯಕ್ಷರು ಪಕ್ಕದಲ್ಲೇ ಕೂತಿದ್ದರು. ಜೀಪು ತಿರುಗಿಸಿ ಎನ್ನುವ ಬದಲು ಸೀಡಿಯೇ ಸಾಕೆಂದುಕೊಂಡೆ.

ಗುಂಡ್ಲುಪೇಟೆಯಲ್ಲಿ ಸೀಡಿ ಹಾಕಿದೆ. ಕಾವಲುಗಾರ ನುಂಗಿದ. ಮತ್ತೆ ಹಾಕಿದೆ. ಮತ್ತೆ ನುಂಗಿದ!

"ಮೊದ್ಲು ಅವ್ನ ಕಿತ್ತಾಕ್ಲಾ!" ಎಂದರು ಅಧ್ಯಕ್ಷರು.

"ಆಗಲ್ಲ ಸಾರ್. ನನ್ನ ಕಂಪ್ಯೂಟರಿಂದ್ಲೇ ಕೀಳ್ಬೇಕು."

"ಅದೆಲ್ಲಿ ಅದೆ?"

"ಚಾಮರಾಜನಗರದಲ್ಲಿ."

ಅಧ್ಯಕ್ಷರು ಗಡಿಯಾರ ನೋಡಿದರು; ಹೋಗಿ ಬರುವಷ್ಟರಲ್ಲಿ ಪ್ರೆಸ್ಸು ಮುಚ್ಚಿರುತ್ತಿತ್ತು. ಸುಮಾಳ ವರ್ಗವನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ ಎಂದು ನಿಜವಾಗಿಯೂ ಸಂಕಟವಾಯಿತು.

ಅಷ್ಟರಲ್ಲಿ ಸುಮಾ ಬಂದಳು. ವಿಷಯ ಕೇಳಿ, ಮೂಲೆಯಲ್ಲಿ ಆರಿಸಿಟ್ಟಿದ್ದ ತನ್ನ ಕಂಪ್ಯೂಟರನ್ನು ಹಚ್ಚಿದಳು. ವರದಿ ಅಚ್ಚಕನ್ನಡದಲ್ಲಿ ಎದ್ದು ನಿಂತಿತು!

"ಇದೊಂದು ಹೇಗೆ ಉಳೀತು?" ಎಂದೆ.

"ಬೆಳಗ್ಗೆ ಬೆಟ್ಟದ ಕಡೆ ಮೋಡ ಕಟ್ತು. ಗುಡುಗು ಬತ್ತದೆ ಅಂತ ಇಂಟರ್ನೆಟ್ ತಂತಿ ಕಿತ್ತಿದ್ದೆ. ಆಮೇಲೆ ಎಲ್ರೂ ಸಿಗ್ಸಿದ್ರು, ನಾನು ಮರ್ತೇಬುಟ್ಟೆ."

ಗೋಪಾಲಸ್ವಾಮಿ ಬೆಟ್ಟಕ್ಕೆ ಮೋಡ ಕವಿದರೆ ಟೀವಿ, ಫೋನು, ಕಂಪ್ಯೂಟರು ಎಂದು ನೋಡದೆ ತಂತಿ ಕೀಳುವುದು ಆ ಆಫೀಸಿನ ವಾಡಿಕೆ. ತಂತಿಯಿಲ್ಲದ ಕಡೆಗೆ ಕಾವಲುಗಾರ ಹೋಗುವುದಾದರೂ ಹೇಗೆ? ನಾನು ರಕ್ಷಿಸಲಾಗದ ಒಂದೇ ಕಂಪ್ಯೂಟರು ಕ್ಷೇಮವಾಗಿತ್ತು!

ವರದಿ ಸಂಜೆಗೆ ಪ್ರೆಸ್ಸಿಗೆ ಹೋಯಿತು. ಅಧ್ಯಕ್ಷರು ಕೊಟ್ಟ ಮಾತಿನಂತೆ ಸಹಿ ಹಾಕಿದರು. ಸುಮಾ ಚಾಮರಾಜನಗರಕ್ಕೆ ಬಂದಳು, ಕಂಪ್ಯೂಟರ್ ಉಸ್ತುವಾರಿಯಾಗಿ. ಅವಳು ತೆರವು ಮಾಡಿದ ಜಾಗಕ್ಕೆ ಯಾರನ್ನಾದರೂ ಕಳಿಸಲೇಬೇಕಲ್ಲ. ಕಳಿಸಿದರು.

ಈಗ ಬೆಳಗ್ಗೆ ನನ್ನನ್ನು ಬಸ್ಸು ಹತ್ತಿಸುವಾಗ ಸುಮಾ ಹೇಳುತ್ತಾಳೆ: "ಅಲ್ಲಿ ಏನೂ ಮುಟ್ಬ್ಯಾಡಿ. ಏನಾರ ಆದ್ರೆ ಫೋನ್ ಮಾಡಿ, ನಾನು ಇಲ್ಲಿಂದ್ಲೇ ಸರಿ ಮಾಡ್ತೀನಿ."

ಮಾಡುತ್ತಾಳೆ ಕೂಡ!