ಯಮನಿಗೂ ಪರಿಹಾರಧನ

ನಮ್ಮ ಚಿಕ್ಕಪ್ಪ ಯಮ! ಬೈಗುಳ ಅಂದುಕೋಬೇಡಿ, ಅದು ಅವರ ವೃತ್ತಿ. ನಮ್ಮ ಮಂಡ್ಯ ಸೀಮೆಯಲ್ಲಿ ಊರೂರಲ್ಲೂ ಪೌರಾಣಿಕ ನಾಟಕ. ಭೀಮನೋ ಕೃಷ್ಣನೋ ಆಗೋಕೆ ಜನ ಕೈಯಿಂದಲೇ ದುಡ್ಡು ಹಾಕ್ತಾರೆ. ಯಮ ಆಗು ಅಂದರೆ ಮಾತ್ರ ಎಲ್ಲರಿಗೂ ಮನೆಯಲ್ಲಿ ಅರ್ಜೆಂಟು ಕೆಲಸ! ಹಾಗಾಗಿ ಮದ್ದೂರಲ್ಲಾಗಲಿ, ಹೊಳಲಿನಲ್ಲಾಗಲಿ, ಸತ್ಯವಾನ್ ಸಾವಿತ್ರಿ ಆಡಿದರೆ ಮಳವಳ್ಳಿಯಿಂದ ನಮ್ಮ ಚಿಕ್ಕಪ್ಪನನ್ನೇ ಸಂಬಳ ಕೊಟ್ಟು ಕರೆಸಬೇಕು. ಕಾಯಿಲೆಯವರನ್ನು ನೋಡಲು ಇವರು ಹೋದರೆ ಆ ಮನೆಯವರು ಕಾಫಿಯನ್ನೂ ಕೊಡದೆ ಕೈಮುಗಿದು ಕಳಿಸಿಬಿಡುತ್ತಿದ್ದರು.

ಕೊರೊನಾದ ಎರಡನೇ ಅಲೆ ಬಂತು. ನಾಟಕಗಳು ನಿಂತವು. ನಿಜವಾದ ಯಮನಿಗೆ ಪುರಸೊತ್ತಿಲ್ಲ, ನಮ್ಮ ಯಮನಿಗೆ ಕೆಲಸವಿಲ್ಲ! ಆಗ ಸರ್ಕಾರ ಕಲಾವಿದರಿಗೆ ಪರಿಹಾರಧನ ಘೋಷಿಸಿತು. ವೇಷದಲ್ಲಿರುವ ಫೋಟೊ ಒಂದಿದ್ದರೆ ಒಳ್ಳೆಯದು ಅಂದರು ಯಾರೋ. ಅಷ್ಟು ವರ್ಷ ಅಬ್ಬರಿಸಿದವರ ಹತ್ತಿರ ಒಂದೇ ಒಂದು ಫೋಟೊ ಇಲ್ಲ. ಕೃಷ್ಣನ ಪಕ್ಕ ಊರೇ ನಿಂತು ಹಲ್ಲು ಕಿರಿಯುತ್ತೆ, ಯಮನ ಪಕ್ಕ ಯಾರು ನಿಲ್ತಾರೆ ಹೇಳಿ?

ಗುತ್ತಲಿನಿಂದ ಬಂದ ನಾನು ಲಾಕ್‌ಡೌನಿನಲ್ಲಿ ಚಿಕ್ಕಪ್ಪನ ಮನೆಯಲ್ಲೇ ಸಿಕ್ಕಿಕೊಂಡಿದ್ದೆ. ನನ್ನ ಬಳಿ ಮೊಬೈಲಿತ್ತು. ಚಿಕ್ಕಪ್ಪ ಟ್ರಂಕಿನಿಂದ ಕಿರೀಟ, ಗದೆ ತೆಗೆದರು. ಚಿಕ್ಕಮ್ಮ ಮೂಲೆಯಿಂದ ಪೊರಕೆ ತೆಗೆದರು.

"ಕಾಯ್ಲೆ ಕಾಲ್ದಲ್ಲಿ ಮನೆಯೊಳ್ಗೆ ಯಮನ್ನ ಕರ್ಕತೀರಾ? ಈಚೆಗೆ ನಡೀರಿ!"

ಸರಿ, ಹಿತ್ತಲಲ್ಲಿ ಬಣ್ಣ ಬಳಿದುಕೊಂಡು, ಬೀದಿಯ ಕೊನೆಯಲ್ಲಿದ್ದ ಶಾಲೆಯ ಜಗಲಿಗೆ ಹೊರಟೆವು.

ಹೊತ್ತು ಮುಳುಗುತ್ತಿತ್ತು. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮುಚ್ಚಿದ ಬಾಗಿಲುಗಳ ನಡುವೆ ಗೆಜ್ಜೆ ಮಾತ್ರ ಘಲ್... ಘಲ್... ನಾವು ದಾಟಿದಂತೆ ಒಂದೊಂದೇ ಮನೆಯ ದೀಪ ಆರಿತು. ಒಳಗೆಲ್ಲೋ ಕೆಮ್ಮುತ್ತಿದ್ದವರು ಕೆಮ್ಮನ್ನು ಅರ್ಧಕ್ಕೇ ನುಂಗಿಕೊಂಡರು. ನಾಯಿಯೊಂದು ಬೊಗಳಲಿಲ್ಲ, ಹೊಟ್ಟೆ ನೆಲಕ್ಕೆ ಒತ್ತಿಕೊಂಡು ಹಿಂದೆ ಹಿಂದೆ ಸರಿಯಿತು. ಚಿಕ್ಕಪ್ಪನ ಕಡೆ ತಿರುಗಿ ನೋಡಿದೆ. ಆ ಕಪ್ಪು ಬಣ್ಣದೊಳಗೆ ಇರುವುದು ಚಿಕ್ಕಪ್ಪನೇ ತಾನೇ ಅಂತ ನನಗೇ ಅನುಮಾನ ಬಂತು!

ತಿರುವಿನಲ್ಲಿ ಪೊಲೀಸಿನವನು ಲಾಠಿ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಕೊನೆಗೆ ಏನೂ ತೋಚದೆ, "ಮಾಸ್ಕು... ಮಾಸ್ಕೆಲ್ಲಿ?" ಅಂದ.

"ನಂಗೂ ಬೇಕೇನಪ್ಪಾ?" ಅಂದರು ಚಿಕ್ಕಪ್ಪ.

ಆತ ಕೈಮುಗಿದು ದಾರಿ ಬಿಟ್ಟ.

ಮುಂದೆ, ಬಾಗಿಲಿಗೆ ಕೊರೊನಾ ಚೀಟಿ ಅಂಟಿಸಿದ್ದ ಮನೆ. ಕಿಟಕಿಯ ಸರಳು ಹಿಡಿದು ಮುದುಕಿಯೊಬ್ಬಳು ನಿಂತಿದ್ದಳು. ಅವಳ ಮಗ ಮಂಡ್ಯದ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ.

"ಬಂದ್ಯೇನಪ್ಪಾ?" ಅಂದಳು, ಕಾಯುತ್ತಿದ್ದವಳ ಹಾಗೆ. "ನನ್ ಮಗನ್ನ ಬುಟ್ಬುಡು. ಅವ್ನ ಬದ್ಲು ನನ್ನ ಕರ್ಕೊಂಡೋಗು."

ಊರಿಗೆಲ್ಲ ಕೇಳುವಂತೆ ಗುಡುಗುವ ಚಿಕ್ಕಪ್ಪ ಹೆಗಲ ಮೇಲಿನ ಗದೆಯನ್ನು ನೆಲಕ್ಕೆ ಇಳಿಸಿದರು. ಆಮೇಲೆ ಹೇಗೋ ರಂಗದ ದನಿ ತಂದುಕೊಂಡರು.

"ಇಬ್ರನ್ನೂ ಬುಟ್ಟಿವ್ನಿ ಕಣವ್ವ. ಮಲೀಕೋ ಓಗು."

ಶಾಲೆಯ ಜಗಲಿಯಲ್ಲಿ ತೆಗೆದ ಫೋಟೊದಲ್ಲಿ ಯಮನ ಕಣ್ಣಕಪ್ಪು ಕೆನ್ನೆಗೆ ಇಳಿದಿತ್ತು. "ಬೆವರು ಕಣ್ಲಾ" ಅಂದರು.

ಅರ್ಜಿ ಪಾಸಾಯಿತು, ದುಡ್ಡು ಬ್ಯಾಂಕಿಗೆ ಬಂತು. "ಯಮನೂ ಸರ್ಕಾರಿ ನೌಕರ ಆದ!" ಅಂತ ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ನಗಲಿಲ್ಲ. ಅಷ್ಟರಲ್ಲಿ ಮುದುಕಿಯ ಮಗ ತೀರಿಹೋಗಿದ್ದ. ಅವಳ ಮನೆ ಮುಂದೆ ಹಾಯಲಾರದೆ ಇವರು ರೇಷನ್ನಿಗೂ ಊರು ಸುತ್ತಿ ಹೋಗುತ್ತಿದ್ದರು.

ಲಾಕ್‌ಡೌನು ತೆಗೆದ ಮೇಲೆ ಒಂದು ಬೆಳಿಗ್ಗೆ ಮುದುಕಿಯೇ ಮನೆಗೆ ಬಂದಳು. ಚಿಕ್ಕಪ್ಪ ಗೋಡೆ ಕಡೆ ತಿರುಗಿಕೊಂಡರು.

"ಸುಳ್ಳಾಡ್ಬುಟ್ಟೆ ಕಣವ್ವ."

"ಗೊತ್ತಿತ್ತು ಕಣ್ಲಾ. ನಿನ್ ಗಂಟ್ಲು ನಂಗೊತ್ತಾಗಲ್ವಾ? ಯಾರಾದ್ರೂ ಒಬ್ರು ಅಂಗಂದ್ರೆ ಸಾಕಾಗಿತ್ತು. ಆವತ್ತೊಂದಿನ ಕಣ್ತುಂಬ ನಿದ್ದೆ ಬಂತು, ಮಗ."

ಚಿಕ್ಕಪ್ಪ ಬಂದು ಅವಳ ಕಾಲ ಬಳಿ ಕೂತರು. ಅವಳು ಅವರ ನರೆತ ತಲೆಯ ಮೇಲೆ ಕೈಯಿಟ್ಟಳು.